ಎಡಕ್ಕೆ ಹೋದರು, ನೀಲಿ ಚೂಡಿದಾರ

‘ನಾಲ್ಕನೇ ರೂಮು. ನೀಲಿ ಚೂಡಿದಾರ. ಒಬ್ಬರೇ. ಎಂಟೂ ಹತ್ತಕ್ಕೆ ಎಡಕ್ಕೆ ಹೋದರು.’

ಅತಿಥಿಗೃಹದ ಕೌಂಟರಿನ ಮೇಲೆ ತೆರೆದಿದ್ದ ಪುಸ್ತಕದಲ್ಲಿ ಈ ಸಾಲು ಓದಿ ಅವಳ ಮೈ ಉರಿದುಹೋಯಿತು. ನಾಲ್ಕನೇ ರೂಮು ಅವಳದು. ನೀಲಿ ಚೂಡಿದಾರ ಇನ್ನೂ ಮೈಮೇಲೇ ಇತ್ತು!

"ಏನಿದು?"

ಮ್ಯಾನೇಜರ್ ತಲೆ ಎತ್ತಿದ. "ಎಲ್ಲಾ ಗೆಸ್ಟ್‌ಗಳದ್ದೂ ಬರೀತೀನಿ ಮೇಡಂ. ಯಾಕೆ ಅಂದ್ರೆ..."

"ಕಾರಣ ಬೇಡ. ನನ್ನದೂ ಬರೀಬೇಡಿ, ನಮ್ಮತ್ತೇದೂ ಬರೀಬೇಡಿ."

"ಸರಿ. ಬರೆಯಲ್ಲ."

ಇಷ್ಟು ಬೇಗ ಒಪ್ಪಿದನಲ್ಲ... ಅದೂ ಅನುಮಾನವೇ!

ಅವಳ ಕೆಲಸವೇ ಅಂಥದ್ದು. ವಿಮಾ ಕಂಪನಿಯಲ್ಲಿ ತನಿಖಾಧಿಕಾರಿ. ಸುಟ್ಟ ಅಂಗಡಿ ನಿಜವಾಗಿ ಸುಟ್ಟಿತೋ, ಸುಟ್ಟರೋ ಎಂದು ಹತ್ತು ವರ್ಷ ನೋಡಿದವಳಿಗೆ ಬೆಳ್ಳಗಿರುವುದೆಲ್ಲ ಹಾಲಾಗಿ ಕಾಣುವುದಿಲ್ಲ. ಪರದೇಶದ ಕಡಲ ತೀರದಲ್ಲಿ ನಮ್ಮ ಭಾಷೆ ಮಾತಾಡುವವನು ಸಿಕ್ಕರೆ ಬೇರೆಯವರು ಕುಣಿಯುತ್ತಾರೆ. ಇವಳು ಕೈಚೀಲದ ಜಿಪ್ ಎಳೆದುಕೊಂಡಿದ್ದಳು.

ಬಂದ ದಿನವೇ ಮ್ಯಾನೇಜರ್ ಬುದ್ಧಿಮಾತಿನ ಮೂಟೆ ಬಿಚ್ಚಿದ್ದ. ಪಾಸ್‌ಪೋರ್ಟ್ ರೂಮಿನ ಲಾಕರಿನಲ್ಲಿಡಿ, ನಕಲು ಮಾತ್ರ ಜೊತೆಗಿರಲಿ. ಟ್ಯಾಕ್ಸಿ ಹತ್ತುವ ಮೊದಲೇ ಬಾಡಿಗೆ ಮಾತಾಡಿ. ಕೆಂಪು ಬಾವುಟ ಕಂಡರೆ ನೀರಿಗಿಳಿಯಬೇಡಿ. ನೀರು ಎಷ್ಟು ಹೊತ್ತಿಗೆ ಏರುತ್ತದೆಂದು ದಿನಾ ಕೇಳಿಕೊಂಡೇ ಹೊರಡಿ.

ಜೊತೆಗೆ ಬಂದಿದ್ದ ಸೋದರತ್ತೆ ಎಲ್ಲವನ್ನೂ ತಲೆಯಾಡಿಸಿ ಕೇಳಿದರು. ಇವಳು ಮಾತ್ರ ‘ಅತಿವಿನಯಂ ಧೂರ್ತಲಕ್ಷಣಂ’ ಎಂದುಕೊಂಡಳು. ಆದರೂ ಅವನ ದನಿ ಕೇಳಿದರೆ ಎದೆಯೊಳಗೆ ಏನೋ ಹಗುರಾಗುತ್ತಿತ್ತು. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು. ಪುಸ್ತಕ ಕಂಡ ದಿನವೇ ಮಾಲೀಕರಿಗೆ ಅವನ ಮೇಲೆ ದೂರು ಕಳಿಸಿಬಿಟ್ಟಳು.

ಮರುದಿನ ಅವಳು ಸ್ನಾನ ಮುಗಿಸಿ ಬಂದಾಗ ಅತ್ತೆಯ ಮಂಚ ಖಾಲಿ.

ತಿಂಡಿಗೆ ಹೋಗಿರಬೇಕು ಎಂದುಕೊಂಡಳು. ಅಲ್ಲಿರಲಿಲ್ಲ. ಹತ್ತಾಯಿತು, ಹನ್ನೊಂದಾಯಿತು. ಅತ್ತೆಯ ಫೋನು ದಿಂಬಿನ ಕೆಳಗೇ ಇತ್ತು. ತಾಯಿಯಿಲ್ಲದ ತನ್ನನ್ನು ಎದೆಗವಚಿ ಸಾಕಿದ ಅತ್ತೆ. ಅವರನ್ನು ಬಿಟ್ಟರೆ ಅವಳಿಗೆ ಯಾರೂ ಇರಲಿಲ್ಲ.

ಓಡಿಬಂದು ಕೌಂಟರಿಗೆ ಕೈ ಊರಿದಳು. "ಅತ್ತೆ ಯಾವ ಕಡೆ ಹೋದ್ರು? ಬರೆದಿರ್ತೀರಲ್ಲ, ನೋಡಿ."

ಅವನ ಮುಖ ಬಿಳಿಚಿಕೊಂಡಿತು. "ಬರೆದಿಲ್ಲ ಮೇಡಂ. ನೀವು ಬೇಡ ಅಂದಿದ್ರಿ. ನೋಡೋದನ್ನೂ ಬಿಟ್ಟುಬಿಟ್ಟೆ... ಯಾವ ಬಣ್ಣದ ಸೀರೆ?"

ಅವಳಿಗೆ ಅದೂ ಗೊತ್ತಿರಲಿಲ್ಲ. ಊರವರ ಸುಳ್ಳನ್ನೆಲ್ಲ ಹಿಡಿಯುವವಳು ಅತ್ತೆಯ ಸೀರೆ ನೋಡಿರಲಿಲ್ಲ.

ಅವನು ಅಡುಗೆಯವರ ಜೊತೆ ಅವಳನ್ನು ಎಡಕ್ಕೆ ಕಳಿಸಿ ತಾನು ಬಲಕ್ಕೆ ಓಡಿದ. ಕಂಡವರನ್ನೆಲ್ಲ ಅವಳು ಸನ್ನೆಯಲ್ಲೇ ಕೇಳಿದಳು. ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತಳು. ತೀರದ ಕೊನೆ ಮುಟ್ಟಿ ಹಿಂದಿರುಗುವಾಗ ಅಡುಗೆಯವರ ಫೋನು ಬಡಿದುಕೊಂಡಿತು. ಸಿಕ್ಕಿದ್ದರು!

ಬಲಗಡೆಯ ಬಂಡೆಯೊಂದರ ಮೇಲೆ ಕೂತು ಮೈಮರೆತಿದ್ದ ಅತ್ತೆಯನ್ನು ಏರಿದ ನೀರು ಸುತ್ತುವರಿದಿತ್ತು. ಎದೆಮಟ್ಟದ ನೀರಿನಲ್ಲಿ ಅವನು ಬೆನ್ನ ಮೇಲೆ ಹೊತ್ತು ತಂದಿದ್ದ. ಅತ್ತೆಗೆ ಆ ನಡುಕದಲ್ಲೂ ಬಾಯಿ ಸುಮ್ಮನಿರಲಿಲ್ಲ. ಇವನೊಬ್ಬ ಬರದಿದ್ದರೆ ಈ ವಯಸ್ಸಿನಲ್ಲಿ ಮೀನುಗಳ ಜೊತೆ ಸಂಸಾರ ಹೂಡಬೇಕಿತ್ತು ಎಂದರು. ಅವಳು ಅವರನ್ನು ತಬ್ಬಿಕೊಂಡು ಅತ್ತಳು.

ಸಂಜೆ ಅವಳು ವರಾಂಡದಲ್ಲಿದ್ದ ಅವನ ಎದುರು ಹೋಗಿ ನಿಂತಳು.

"ನಿಮ್ಮ ಮೇಲೆ ದೂರು ಕೊಟ್ಟಿದ್ದೆ. ಈಗ ವಾಪಸ್ ತಗೊಂಡೆ."

"ಗೊತ್ತು. ನಿನ್ನೇನೇ ಮಾಲೀಕರು ಫೋನಲ್ಲಿ ಬೈದ್ರು."

ಗೊತ್ತಿದ್ದೂ ನೀರಿಗಿಳಿದನೇ...!

"ಹೋದ ವರ್ಷ ಒಬ್ಬ ಹಿರಿಯರು ವಾಕಿಂಗ್ ಹೋಗಿ ಬರಲೇ ಇಲ್ಲ" ಎಂದ ಅವನು. "ಇಡೀ ದಿನ ಎಡಕ್ಕೆ ಹುಡುಕಿದ್ವಿ. ಅವರು ಬಲಕ್ಕೆ ಹೋಗಿದ್ರು. ಆವತ್ತಿಂದ ಬರೀತೀನಿ."

"ನಾನು ಏನೇನೋ ಅಂದ್ಕೊಂಡೆ... ನನ್ನನ್ನ ಬೈದುಬಿಡಿ."

"ಬೈಯೋಕೆ ನನಗೂ ಮುಖ ಇಲ್ಲ." ಅವನು ಕಣ್ಣು ತಪ್ಪಿಸಿದ. "ಬೇರೆಯವರದ್ದು ಬರೆದು ಒಳಗೆ ಹೋಗ್ತೀನಿ. ನೀವು ಹೋದಾಗ ಮಾತ್ರ ಮರೆಯಾಗೋವರೆಗೂ ಬಾಗಿಲಲ್ಲೇ ನಿಂತಿದ್ದೆ. ನಿಮ್ಮ ಅನುಮಾನ ಪೂರ್ತಿ ಸುಳ್ಳಲ್ಲ."

ಅವಳು ಪಕ್ಕದ ಕುರ್ಚಿ ಎಳೆದು ಕೂತಳು.

"ನನಗೆ ಗೊತ್ತಿತ್ತು."

"ಹೇಗೆ?"

"ತಿರುಗಿ ನೋಡಿದ್ದೆ."