ಇಲ್ಲದ ಹುಡುಗಿಯ ರಕ್ತ

"ಆ ಲ್ಯಾಬಿನಲ್ಲಿ ನಾನು ನನ್ನ ಹೆಸರನ್ನೇ ಹೇಳಿರಲಿಲ್ಲ ಮೇಡಂ," ಎಂದಳು ಶೀಲಾ. "ಆದರೂ ಅದು ನಾನೇ ಅಂತ ಇವರಿಗೆಲ್ಲ ಹೇಗೆ ಗೊತ್ತಾಯ್ತು?"

2006ರ ಗಣೇಶನ ಹಬ್ಬ ಕಳೆದು ಕೆಲವು ವಾರಗಳಾಗಿದ್ದವು. ಶಿವಮೊಗ್ಗದ ವಿದ್ಯಾನಗರದಲ್ಲಿ ವಕೀಲೆ ಶರಾವತಿಯವರ ಮನೆಯ ಮುಂದಿನ ಕೋಣೆಯೇ ಅವರ ಕಚೇರಿ. ಪೊಲೀಸರು ಕೈಚೆಲ್ಲಿದ ಸಿಕ್ಕುಗಳು ಕೊನೆಗೆ ಬಂದು ಕೂರುತ್ತಿದ್ದುದು ಅಲ್ಲಿನ ಬೆತ್ತದ ಕುರ್ಚಿಯಲ್ಲಿ. ಗುಮಾಸ್ತೆ ಧನಲಕ್ಷ್ಮಿ ಅಂಥವನ್ನು ಎಷ್ಟೋ ನೋಡಿದ್ದಳು. ಆದರೆ ಈ ಹುಡುಗಿ ಕಾಫಿ ಲೋಟವನ್ನು ಮುಟ್ಟಲೂ ಹಿಂಜರಿದದ್ದನ್ನು ಕಂಡು, ಲೋಟವನ್ನು ತಾನೇ ಎತ್ತಿ ಅವಳ ಕೈಗಿಟ್ಟಳು. ತಾನು ಮುಟ್ಟಿದ ಲೋಟವನ್ನು ಜನ ಎಸೆಯುವುದು ಶೀಲಾಳಿಗೆ ಆಗಲೇ ರೂಢಿಯಾಗಿಬಿಟ್ಟಿತ್ತು.

ಅವಳು ಭದ್ರಾವತಿಯ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸ್. ಬೇಸಿಗೆಯಲ್ಲಿ ರೋಗಿಯೊಬ್ಬನಿಗೆ ಚುಚ್ಚಿದ ಸೂಜಿ ಕೈತಪ್ಪಿ ಅವಳ ಬೆರಳಿಗೇ ತಾಗಿತ್ತು. ಊರಲ್ಲಿ ಬೇಡವೆಂದು ಶಿವಮೊಗ್ಗದ ದುರ್ಗಿಗುಡಿಯ ಲ್ಯಾಬಿಗೆ ಬಂದು, ನಂಜಮ್ಮ ಎಂದು ಹೆಸರು ಹೇಳಿ, ಎಚ್‌ಐವಿ ಪರೀಕ್ಷೆ ಮಾಡಿಸಿಕೊಂಡಳು. ಮೂರು ತಿಂಗಳ ಮೇಲೆ ಇನ್ನೊಮ್ಮೆ. ಎರಡು ಸಲವೂ ಸೋಂಕಿಲ್ಲವೆಂದೇ ವರದಿ ಬಂತು. ಆದರೆ ಹಬ್ಬದ ಮಾರನೆಯ ದಿನ, ನಿಶ್ಚಯವಾಗಿದ್ದ ಮದುವೆಯನ್ನು ಗಂಡಿನ ತಂದೆ ಕಾಂತರಾಜ್ ಮುರಿದರು. ಯಾರೋ ಫೋನ್ ಮಾಡಿ ಹೇಳಿದರಂತೆ. ಸುದ್ದಿ ಬೀದಿಗೆ ಬಿತ್ತು. ನರ್ಸಿಂಗ್ ಹೋಮಿನವರು ಸದ್ಯ ಬರಬೇಡವೆಂದರು. ಶೀಲಾಳ ರಕ್ತ ತೆಗೆದಿದ್ದ ಯೋಗರಾಜನೇ ಬಾಯಿಬಿಟ್ಟವನೆಂದು ಲ್ಯಾಬಿನ ಮಾಲೀಕ ಅವನನ್ನು ಕೆಲಸದಿಂದ ತೆಗೆದ.

"ಹೆಸರು ಸುಳ್ಳು. ಮತ್ತೇನೇನು ಸುಳ್ಳು ಹೇಳಿದೆ?" ಎಂದು ಶರಾವತಿ ಕೇಳಿದರು.

"ವಿಳಾಸಾನೂ ಸುಳ್ಳೇ. ಮೊಬೈಲ್ ನಂಬರ್ ಮಾತ್ರ ನಂದೇ. ರಿಪೋರ್ಟ್ ಬಂದಾಗ ಫೋನ್ ಮಾಡ್ತೀವಿ ಅಂದ್ರು."

"ಸಂಬಂಧ ಕುದುರಿಸಿದ್ದು ಯಾರು?"

"ಗಾಂಧಿ ಬಜಾರಿನ ವಧೂವರ ಕೇಂದ್ರದ ಶಕುಂತಲಮ್ಮ. ಅಪ್ಪ ಅಲ್ಲಿ ಹೆಸರು ಬರೆಸಿದ್ರು. ಮನೇಲಿ ಫೋನಿಲ್ಲ, ಅಲ್ಲಿಗೂ ನನ್ನ ನಂಬರನ್ನೇ ಕೊಟ್ಟಿದ್ರು."

ಮರುದಿನ ಶರಾವತಿ, ಧನಲಕ್ಷ್ಮಿ ಇಬ್ಬರೂ ಭದ್ರಾವತಿಗೆ ಹೋದರು. ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದ ಕಾಂತರಾಜ್ ಬಾಗಿಲಲ್ಲೇ ನಿಂತು ಮಾತಾಡಿದರು. "ಹಬ್ಬದ ಮಾರನೇ ದಿನ ಬೆಳಿಗ್ಗೆ, ಇದೇ ಮನೆ ಫೋನಿಗೆ ಬಂತು ಕಣಮ್ಮ. ಯಾವನೋ ಗಂಡಸು. ಹೆಸರು ಹೇಳಲಿಲ್ಲ. ನಾನು ಮೊಬೈಲ್ ಇಟ್ಕೊಂಡಿಲ್ಲ, ನನಗೆ ಬರೋದೆಲ್ಲ ಇದಕ್ಕೇ."

ಹೊರಗೆ ಬೀದಿಯುದ್ದಕ್ಕೂ ಕಾಲುವೆ ಅಗೆದಿತ್ತು. ದಾಟುವಾಗ ಧನಲಕ್ಷ್ಮಿ ಎಡವಿದಳು. ನಲ್ಲಿಯ ಬಳಿಯಿದ್ದ ಹೆಂಗಸು ಕೈಕೊಟ್ಟು, "ಹಬ್ಬಕ್ಕೆ ಮುಂಚೆ ಅಗೆದು ಹೋದೋರು ಇವತ್ತಿಗೂ ಪತ್ತೆ ಇಲ್ಲ. ಈ ಸಾಲಲ್ಲಿ ಅವತ್ತಿಂದ ಒಬ್ಬರ ಮನೆ ಫೋನಲ್ಲೂ ಉಸಿರಿಲ್ಲ," ಎಂದು ಬೈದುಕೊಂಡಳು. ಧನಲಕ್ಷ್ಮಿ ಸೀರೆಯ ಕೆಸರು ಕೊಡವುತ್ತಿದ್ದಳು. ಶರಾವತಿ ಮಾತ್ರ ತಿರುಗಿ ನಿಂತು ಕೇಳಿಸಿಕೊಂಡರು.

ಯೋಗರಾಜ ಅದೇ ಊರಿನ ಗ್ಯಾರೇಜೊಂದರ ಮುಂದೆ ಸುಮ್ಮನೆ ಕೂತಿದ್ದ. ಗುರುತು ಹಿಡಿದಿದ್ದೆಯಾ ಎಂದು ಕೇಳಿದರೆ ಹೌದೆಂದ. "ನಮ್ಮ ಬೀದಿ ಹುಡುಗಿ. ಹೆಸರು ಸುಳ್ಳು ಹೇಳಿದ್ಲು. ಪಾಪ, ನಾಚ್ಕೋತಾಳೆ ಅಂತ ತಲೆ ಎತ್ತದೆ ರಕ್ತ ತೆಗೆದೆ. ಇಷ್ಟೇ ಮೇಡಂ."

ಅವನೇ ಇರಬೇಕು ಎಂದು ಧನಲಕ್ಷ್ಮಿಗೆ ಅನ್ನಿಸಿತು.

ದುರ್ಗಿಗುಡಿಯ ಲ್ಯಾಬಿನ ಮಾಲೀಕ ವಿಷ್ಣುಪ್ರಸಾದ ವೈದ್ಯನಲ್ಲ, ವ್ಯಾಪಾರಿ. ಗಾಜಿನ ಕ್ಯಾಬಿನ್ನಿನಲ್ಲಿ ಹೊಸ ಕಂಪ್ಯೂಟರಿನ ಪಕ್ಕ ಕೂತು, ಯೋಗರಾಜನಿಂದ ತನ್ನ ಮರ್ಯಾದೆ ಹೋಯಿತೆಂದು ನೊಂದುಕೊಂಡ. "ಇದರ ಪಾಸ್‌ವರ್ಡ್ ನನ್ನೊಬ್ಬನಿಗೇ ಗೊತ್ತು. ನಂಬರ್ ಹೊಡೆದ್ರೆ ಸಾಕು, ಹಳೇ ಗಿರಾಕಿಯ ಪೂರ್ತಿ ಚರಿತ್ರೆ ಬರುತ್ತೆ. ಇಷ್ಟು ಭದ್ರ ಮಾಡಿಟ್ರೂ ಕೆಲಸದವನ ಬಾಯಿ ಕಟ್ಟೋಕಾಗುತ್ತಾ?"

ವಾರದ ನಂತರ ಶರಾವತಿ ಹೊಸ ಸಿಮ್ ಕಾರ್ಡೊಂದನ್ನು ಧನಲಕ್ಷ್ಮಿಯ ಕೈಗಿಟ್ಟರು. "ಮಾರಾಯ್ತಿ, ಆ ಲ್ಯಾಬಿಗೆ ಹೋಗಿ ಅದೇ ಪರೀಕ್ಷೆಗೆ ರಕ್ತ ಕೊಟ್ಟು ಬಾ. ಹೆಸರು ಸೀತಾಲಕ್ಷ್ಮಿ ಅನ್ನು. ಈ ನಂಬರ್ ಕೊಡು."

"ನಾನಾ ಮೇಡಂ? ಯಾಕೆ?"

"ಆಮೇಲೆ ಹೇಳ್ತೀನಿ."

ಪರೀಕ್ಷೆಯ ಹೆಸರು ಹೇಳಿದೊಡನೆ ಕೌಂಟರಿನ ಹೊಸ ಹುಡುಗಿ ಅವಳ ತಾಳಿಯನ್ನೊಮ್ಮೆ, ಮುಖವನ್ನೊಮ್ಮೆ ನೋಡಿದಳು. ಮನೆಗೆ ಬಂದ ಮೇಲೂ ಆ ನೋಟ ಮೈಗೆ ಜಿಡ್ಡಿನಂತೆ ಮೆತ್ತಿಕೊಂಡೇ ಇತ್ತು.

ಹದಿನೈದು ದಿನಗಳಾದ ಮೇಲೆ ಎಲ್ಲರೂ ವಿದ್ಯಾನಗರದ ಕಚೇರಿಯಲ್ಲಿ ಸೇರಿದರು. ರಾಜಿ ಮಾತುಕತೆ ಎಂದು ಕರೆಸಿದ್ದರಿಂದ ಕಾಂತರಾಜ್, ವಿಷ್ಣುಪ್ರಸಾದ, ಶಕುಂತಲಮ್ಮ ಮೂವರೂ ಬಂದಿದ್ದರು. ಗೋಡೆಗೊರಗಿ ಯೋಗರಾಜ ನಿಂತಿದ್ದ. ಶೀಲಾ ಮೂಲೆಯಲ್ಲಿದ್ದಳು. ಕೊನೆಗೆ ಸಮವಸ್ತ್ರದಲ್ಲಿ ಸಬ್‌ಇನ್ಸ್‌ಪೆಕ್ಟರ್ ಪುಟ್ಟಯ್ಯ ಒಳಬಂದಾಗ ಶಕುಂತಲಮ್ಮನ ಮುಖದ ಬಣ್ಣ ಇಳಿಯಿತು.

"ಇವರನ್ನ ಗುರುತು ಹಿಡಿದ್ರಿ ಅಲ್ವಾ?" ಎಂದರು ಶರಾವತಿ. "ಆವತ್ತು ಪಂಚೆ ಉಟ್ಕೊಂಡು, ಮಗನಿಗೆ ಹೆಣ್ಣು ಬೇಕು ಅಂತ ನಿಮ್ಮಲ್ಲಿಗೆ ಬಂದಿದ್ರು. ಊರಿಗೆ ಹೊಸಬರು, ನಿಮಗೆ ತಿಳೀಲಿಲ್ಲ. ಪುಟ್ಟಯ್ಯನವರೇ, ಮುಂದಿನದನ್ನ ನೀವೇ ಹೇಳಿ."

"ಸಾಗರದ ಶಾಮಲಾ ಅನ್ನೋ ಹುಡುಗಿ ಒಪ್ಪಿಗೆ ಅಂದೆ. ಆರೋಗ್ಯ ವಿಚಾರಿಸಬೇಕಾ ಅಂತ ಇವರೇ ಕೇಳಿದ್ರು. ಹೂಂ ಅಂದೆ. ಎರಡು ದಿನ ಬಿಟ್ಟು ಕರೆಸಿ, ಆ ಹುಡುಗಿ ಬೇಡ ಬಿಡಿ, ದುರ್ಗಿಗುಡಿಯಲ್ಲಿ ಆ ಪರೀಕ್ಷೆ ಮಾಡಿಸ್ಕೊಂಡಿದ್ದಾಳೆ ಅಂದ್ರು."

"ಶಾಮಲಾ ಅನ್ನೋ ಹುಡುಗಿಯೇ ಇಲ್ಲ," ಎಂದರು ಶರಾವತಿ. "ಕೇಂದ್ರಕ್ಕೆ ಫೋನ್ ಮಾಡಿ ಆ ಹೆಸರು ಬರೆಸಿದವಳು ನಾನು. ಲ್ಯಾಬಿನಲ್ಲಿ ರಕ್ತ ಕೊಟ್ಟವಳು ಧನಲಕ್ಷ್ಮಿ, ಸೀತಾಲಕ್ಷ್ಮಿ ಅನ್ನೋ ಹೆಸರಲ್ಲಿ. ಹೆಸರು ಬೇರೆ, ಊರು ಬೇರೆ. ಎರಡೂ ಕಡೆ ಒಂದೇ ಇದ್ದದ್ದು ಫೋನ್ ನಂಬರ್. ಶೀಲಾ ವಿಷಯದಲ್ಲೂ ಹಾಗೇ ಆಗಿದೆ. ಇಲ್ಲದ ಹುಡುಗಿಯನ್ನ ಮುಖ ನೋಡಿ ಯಾರೂ ಗುರುತು ಹಿಡಿಯೋಕಾಗಲ್ಲ. ಧನಲಕ್ಷ್ಮಿ ರಕ್ತ ಕೊಡೋ ಹೊತ್ತಿಗೆ ಯೋಗರಾಜ ಕೆಲಸ ಬಿಟ್ಟು ಎಷ್ಟೋ ದಿನ ಆಗಿತ್ತು. ಅಂದ್ಮೇಲೆ ನಂಬರ್ ಹೊಡೆದು ನೋಡಿದವರು ಯಾರು? ಪಾಸ್‌ವರ್ಡ್ ತನ್ನೊಬ್ಬನಿಗೇ ಗೊತ್ತು ಅಂತ ಈ ವಿಷ್ಣುಪ್ರಸಾದರೇ ನನಗೆ ಹೇಳಿದ್ದಾರೆ."

ಶಕುಂತಲಮ್ಮ ಸೆರಗು ಹಿಂಡುತ್ತ, "ನಾನು ಇವರ ಲ್ಯಾಬಿಗೆ ನಂಬರ್ ಕಳಿಸ್ತಿದ್ದೆ, ಅಷ್ಟೇ," ಎಂದರು. "ಗಂಡಿನ ಕಡೆಯೋರು ದುಡ್ಡು ಕೊಟ್ಟು ಕೇಳ್ತಾರೆ. ಸಂಬಂಧ ಮುರಿದ್ರೆ ಮತ್ತೆ ನಮ್ಮಲ್ಲಿಗೇ ಬರ್ತಾರೆ."

"ಕೇಳಿದವರು ಇಲ್ಲೇ ಇದ್ದಾರೆ. ಕಾಂತರಾಜ್ ಅವರೇ, ಹಬ್ಬಕ್ಕೆ ಮುಂಚೆಯೇ ನಿಮ್ಮ ಬೀದಿಯ ಫೋನೆಲ್ಲ ಸತ್ತುಹೋಗಿದ್ವು. ಮೊಬೈಲೂ ಇಲ್ಲ ಅಂದ್ರಿ. ಆ ಕರೆ ಯಾವುದಕ್ಕೆ ಬಂತು?"

"ಯಾವ ಕರೆಯೂ ಬರಲಿಲ್ಲ. ದುಡ್ಡು ಕೊಟ್ಟು ವಿಚಾರಿಸಿದ್ದು ನಾನೇ," ಎಂದು ಕಾಂತರಾಜ್ ನೆಲ ನೋಡುತ್ತ ಒಪ್ಪಿಕೊಂಡರು. ಧನಲಕ್ಷ್ಮಿಗೆ ಆ ಕಾಲುವೆ, ಆ ಹೆಂಗಸಿನ ಬೈಗುಳ ಆಗ ನೆನಪಾದವು.

"ಸೋಂಕಿಲ್ಲ ಅನ್ನೋದೂ ಪರದೆ ಮೇಲೇ ಇತ್ತಲ್ಲ?" ಎಂದು ಶರಾವತಿ ವಿಷ್ಣುಪ್ರಸಾದನತ್ತ ತಿರುಗಿದರು.

"ಪರೀಕ್ಷೆ ಮಾಡಿಸಿದ್ದಾರಾ ಅಂತ ಕೇಳಿದ್ರು. ಅಷ್ಟಕ್ಕೇ ಹೇಳಿದೆ." ಅವನು ಕಾಲಮೇಲೆ ಕಾಲು ಹಾಕಿಕೊಂಡ. "ಯಾವ ಸೆಕ್ಷನ್ ಹಾಕ್ತೀರಿ ಮೇಡಂ? ಕಂಪ್ಯೂಟರ್ ನಂದು. ಅದರಲ್ಲಿರೋದೂ ನಂದು."

ಕೋಣೆಯಲ್ಲಿ ಏನೋ ಕೊಳೆತ ವಾಸನೆ ಬಂದಂತಾಯಿತು ಧನಲಕ್ಷ್ಮಿಗೆ. ತನ್ನ ರಕ್ತದ ವಿಷಯವೂ ಈಗ ಇವನ ಸೊತ್ತು. ಎದ್ದು ಕಿಟಕಿ ತೆರೆದಳು.

ಪುಟ್ಟಯ್ಯ ನಿಟ್ಟುಸಿರಿಟ್ಟರು. "ನಾನೂ ಹುಡುಕಿದೆ. ಕಳ್ಳತನ ಅನ್ನೋಣ ಅಂದ್ರೆ ಏನೂ ಕಳುವಾಗಿಲ್ಲ. ಎರಡು ಸಾವಿರದ ಇಸವಿಯ ಐಟಿ ಕಾಯ್ದೆ, ಮಾಲೀಕನ ಅಪ್ಪಣೆ ಇಲ್ಲದೆ ನಕಲು ಮಾಡಿದವನನ್ನ ಹಿಡಿಯುತ್ತೆ. ಇಲ್ಲಿ ಮಾಲೀಕನೇ ಕೊಟ್ಟಿದ್ದಾನೆ."

"ಹೌದು," ಎಂದರು ಶರಾವತಿ. "ಆ ಕಾಯ್ದೆ ಬರೆಯೋವಾಗ ಕಂಪ್ಯೂಟರ್ ಇಟ್ಟುಕೊಂಡವನ ಚಿಂತೆ ಮಾಡಿದ್ರು. ಅದರೊಳಗೆ ಹೆಸರು ಸೇರಿದವಳ ಗತಿ ಯಾರಿಗೂ ಹೊಳೀಲಿಲ್ಲ. ಆದರೆ ವಿಷ್ಣುಪ್ರಸಾದ್, ಇವಳು ನಿಮ್ಮ ಗ್ರಾಹಕಿ. ಗುಟ್ಟು ಕಾಯೋದು ನೀವು ಮಾರೋ ಸೇವೆಯ ಭಾಗ. ಗ್ರಾಹಕರ ವೇದಿಕೆಗೆ ನಾಳೆಯೇ ದೂರು ಹೋಗುತ್ತೆ. ಪುಟ್ಟಯ್ಯನವರೂ ಸಾಕ್ಷಿ ಹೇಳ್ತಾರೆ."

ಕಾಂತರಾಜ್ ಗಂಟಲು ಸರಿಮಾಡಿಕೊಂಡರು. "ಆಗಿದ್ದು ಆಗೋಯ್ತು. ಸೋಂಕಿಲ್ಲ ಅಂತ ಈಗ ಗೊತ್ತಾಯ್ತಲ್ಲ. ನಮ್ಮದೇನೂ ಅಡ್ಡಿ ಇಲ್ಲ. ಕಾರ್ತೀಕದಲ್ಲೇ ಮದುವೆ ಮುಗಿಸೋಣ."

ಶೀಲಾ ಮೊದಲ ಬಾರಿಗೆ ತಲೆಯೆತ್ತಿದಳು. "ನಿಮ್ಮ ಮಗನ ರಕ್ತ ಪರೀಕ್ಷೆ ಮಾಡಿಸಿ ಅಂತ ನಾನು ಕೇಳಿರಲಿಲ್ಲ ಸಾರ್. ಮನುಷ್ಯರನ್ನ ನಂಬಿದ್ದೆ. ನಿಮ್ಮನೇಲಿ ಒಂದು ಲೋಟ ನೀರೂ ನನಗೆ ಇಳಿಯಲ್ಲ. ನೀವಿನ್ನು ಹೋಗಿ."

ಗ್ರಾಹಕರ ವೇದಿಕೆ ಶೀಲಾಳ ಪರವಾಗಿಯೇ ತೀರ್ಪು ಕೊಟ್ಟಿತು. ವಿಷ್ಣುಪ್ರಸಾದ ಮೇಲ್ಮನವಿ ಹಾಕಿ, ಬೋರ್ಡ್ ಬದಲಿಸಿ, ಹೆಂಡತಿಯ ಹೆಸರಿನಲ್ಲಿ ಲ್ಯಾಬ್ ನಡೆಸಿದ. ಶಕುಂತಲಮ್ಮನ ಕೇಂದ್ರಕ್ಕೆ ಗಿರಾಕಿ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಶೀಲಾ ಮತ್ತೊಂದು ಆಸ್ಪತ್ರೆ ಸೇರಿದಳು. ಯೋಗರಾಜನಿಗೂ ಅಲ್ಲೇ ಕೆಲಸ ಕೊಡಿಸಿದಳು.

2009ರ ಕೊನೆಗೆ ಐಟಿ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂತು. ಕೆಲಸಕ್ಕೆಂದು ಕೈಗೆ ಬಂದ ಇನ್ನೊಬ್ಬರ ವಿವರವನ್ನು ಅವರ ಒಪ್ಪಿಗೆಯಿಲ್ಲದೆ ಲಾಭಕ್ಕೆ ಹೊರಹಾಕಿದರೆ ಇನ್ನು ಜೈಲು.

"ಆ ವಿಷ್ಣುಪ್ರಸಾದನಿಗೆ ಇದು ತಗಲುತ್ತಾ ಮೇಡಂ?"

"ಆಗ ಮಾಡಿದ್ದಕ್ಕೆ ತಗಲಲ್ಲ ಧನು. ಕಾನೂನು ಬಂದ ದಿನದಿಂದ ಮುಂದಕ್ಕೆ ಮಾತ್ರ."

ಅಂದು ಸಂಜೆ ಧನಲಕ್ಷ್ಮಿ ದುರ್ಗಿಗುಡಿಯಲ್ಲಿ ಆ ಲ್ಯಾಬಿನ ಮುಂದೆ ಹಾದುಹೋದಳು. ಕೌಂಟರಿನಲ್ಲಿ ಹೆಂಗಸೊಬ್ಬಳು ಗಟ್ಟಿಯಾಗಿ ತನ್ನ ಮೊಬೈಲ್ ನಂಬರ್ ಹೇಳುತ್ತಿದ್ದಳು. ಧನಲಕ್ಷ್ಮಿ ಒಳಗೆ ಹೋಗಿ ಅವಳ ತೋಳು ಮುಟ್ಟಿ, "ನಂಬರ್ ಕೊಡಬೇಡಮ್ಮ," ಎಂದಳು.

"ಯಾಕ್ರೀ? ರಿಪೋರ್ಟ್ ಬಂತು ಅಂತ ತಿಳಿಸೋದು ಹೇಗೆ ಮತ್ತೆ?" ಎಂದು ಆ ಹೆಂಗಸು ರೇಗಿದಳು. ಅಷ್ಟರಲ್ಲಿ ಕೊನೆಯ ಅಂಕಿ ಕೇಳಿಸಲಿಲ್ಲವೆಂದು ಕೌಂಟರಿನ ಹುಡುಗಿ ಅಂದಳು. ಆ ಹೆಂಗಸು ಅತ್ತ ತಿರುಗಿ, ಇನ್ನೂ ಗಟ್ಟಿಯಾಗಿ, ಪೂರ್ತಿ ನಂಬರನ್ನು ಮತ್ತೊಮ್ಮೆ ಹೇಳಿದಳು.