ಕುರಿ ಕತ್ತರಿಸುವವನು

"ಈ ಪತ್ರ ಬರ್ದೋರು ನೀವೇನ್ರಿ?"

ಸಮತಾ ತಲೆ ಎತ್ತಿದಳು. ಗ್ಯಾಲರಿಯ ಬಾಗಿಲಲ್ಲಿ ನಿಂತ ಯುವಕ ಚಪ್ಪಲಿಯನ್ನು ಹೊರಗೇ ಬಿಟ್ಟು ಬಂದಿದ್ದ.

"ಹೌದು, ನಾನ ಬರ್ದಿದ್ದು" ಎಂದಳು, ತುಸು ಬಿಗಿಯಾಗಿಯೇ.

ಹಗರಿಬೊಮ್ಮನಹಳ್ಳಿಯ ಹಳೆಯ ಶೇಂಗಾ ಗೋದಾಮು ಈಗ ಕಲಾ ಗ್ಯಾಲರಿ. ಜನರ ಕಣ್ಣೆದುರೇ ಮಾಡಿ ತೋರಿಸುವ ಕಲೆಗೆ ಅಲ್ಲಿ ಮುಕ್ತ ಆಹ್ವಾನ ಕೊಟ್ಟಿದ್ದರು. ಅರ್ಜಿ ಆರಿಸುವ ಹೊಣೆ ಸಮತಾಳದು. ಮಾಗಳದ ಕನಕರಾಜನ ಅರ್ಜಿಯಲ್ಲಿ ಎರಡೇ ಸಾಲು: 'ಎಲ್ಲರ ಮುಂದೆ ಒಂದು ಕುರಿ ಕತ್ತರಿಸುತ್ತೇನೆ. ಅರ್ಧ ತಾಸು ಸಾಕು.'

ಓದಿದೊಡನೆ ಅವಳು 'ರಕ್ತ ಹರಿಸುವುದು ಕಲೆಯಲ್ಲ' ಎಂದು ಬರೆದು ತಿರಸ್ಕರಿಸಿದ್ದಳು. ಅಷ್ಟಕ್ಕೇ ಬಿಡದೆ, ಆ ಪತ್ರವನ್ನು ಅರ್ಜಿದಾರರೆಲ್ಲರ ವಾಟ್ಸಾಪ್ ಗುಂಪಿಗೂ ಹಾಕಿದ್ದಳು.

ಕನಕರಾಜ ಏನೋ ಹೇಳಲು ಬಾಯಿ ತೆರೆದ.

"ತೀರ್ಮಾನ ಆಗೇತ್ರಿ" ಎಂದುಬಿಟ್ಟಳು.

ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ. ಅದೇ ಅವಳನ್ನು ಚುಚ್ಚಿತು. ಹೋಗುವಾಗ, ಗಾಳಿಗೆ ಬಡಿದುಕೊಳ್ಳುತ್ತಿದ್ದ ಬಾಗಿಲಿಗೆ ಕಲ್ಲೊಂದನ್ನು ಒತ್ತಿಟ್ಟು ಹೋದ.

ಗ್ಯಾಲರಿ ಗುಡಿಸುವ ನೀಲಗಂಗಮ್ಮ ಅರ್ಜಿಯನ್ನು ಓದಿಸಿ ಕೇಳಿದವಳೇ ಕಸಬರಿಗೆ ಕೆಳಗಿಟ್ಟಳು.

"ಎಂಎ ಓದೀದಿ, ಇಷ್ಟು ತಿಳೀಲಿಲ್ಲೇನವ್ವ? ಕುರಿ ಕತ್ತರಿಸೋದಂದ್ರ ಮೈಮ್ಯಾಲಿನ ಉಣ್ಣೆ ತೆಗೆಯೋದು. ಕೊಯ್ಯೋದಕ್ಕ ಕೊಯ್ಯೋದು ಅಂತೀವಿ. ಕ್ಷೌರದಂಗಡಿಗೆ ಹೋದೋರನ್ನೂ ಸತ್ರು ಅಂತ ತಿಳೀತೀಯೇನು?"

ಸಮತಾ ಅರ್ಜಿಯನ್ನು ಮತ್ತೊಮ್ಮೆ ಓದಿದಳು. ರೈಲ್ವೆ ಕ್ವಾರ್ಟರ್ಸ್‌ನಲ್ಲಿ ಬೆಳೆದ ಅವಳು ಕುರಿ ಕಂಡದ್ದು ಬಸ್ಸಿನ ಕಿಟಕಿಯಿಂದಷ್ಟೇ. ಆದರೆ ಅದು ನೆಪ. ಕೇರಿಯ ಹೆಸರು ಕೇಳಿದೊಡನೆ ತೀರ್ಮಾನಕ್ಕೆ ಬರುವ ಜನರನ್ನು ಅವಳಪ್ಪ ಮಾರೇಶ್ ಜೀವನವಿಡೀ ಸಹಿಸಿದ್ದರು. ಅದಕ್ಕೇ ಮಗಳಿಗೆ ಸಮತಾ ಎಂದು ಹೆಸರಿಟ್ಟಿದ್ದರು.

ನಾನೂ ಆ ಜನರಂತೆಯೇ ಆದೆನಲ್ಲ...

ಮರುದಿನ ಮಾಗಳದಲ್ಲಿ ಬಸ್ಸಿಳಿದು ಮನೆ ಕೇಳಿದಾಗ, ಕಟ್ಟೆಯ ಮೇಲಿದ್ದವರು ನಕ್ಕರು. "ರಕ್ತದ ಕಲಾವಿದನ ಮನಿಯೇನ್ರಿ?"

ಅವಳ ಮಾತೇ ಅವನಿಗೆ ಅಡ್ಡಹೆಸರಾಗಿತ್ತು.

ಕನಕರಾಜನ ತಾಯಿ ಮರುಳಸಿದ್ದಮ್ಮ ಯಾರ ಮಗಳೆಂದು ಕೇಳಲಿಲ್ಲ. ಉಂಡಿದ್ದೀಯಾ ಎಂದು ಕೇಳಿದಳು. ಹೊಸ ಕಂಬಳಿ ಹಾಸಿ ನಡುಮನೆಯಲ್ಲಿ ಕೂರಿಸಿ ರೊಟ್ಟಿ ಕೊಟ್ಟಳು. ರೊಟ್ಟಿ ಮುರಿಯುತ್ತಲೇ ಸಮತಾ ಕನಕರಾಜನತ್ತ ತಿರುಗಿದಳು.

"ಎಲ್ಲಾರ ಮುಂದ ನನ್ನ ತಪ್ಪು ಹೇಳ್ತೀನ್ರಿ. ಪ್ರದರ್ಶನಕ್ಕ ನೀವು ಬರಬೇಕು, ಕುರಿ ಕತ್ತರಿಸಬೇಕು."

"ನಿಮ್ಮನ್ನ ತಗ್ಗಿಸಿ ನಾನೇನು ಎತ್ತರ ಆಗ್ಲಿ? ಬ್ಯಾಡ್ರಿ" ಎಂದ ಕನಕರಾಜ.

ಪ್ರದರ್ಶನಕ್ಕೆ ಇನ್ನೂ ಮೂರು ವಾರವಿತ್ತು. ಮೂರು ಭಾನುವಾರವೂ ಅವಳು ಹೋದಳು. ಅವನು ಮರಿ ಹಿಡಿಯುವುದನ್ನು ಕಲಿಸಿದ. ಬಿಸಿಲು ಅವಳಿಗೆ ಬೀಳದಂತೆ ಸರಿದು ನಿಂತ. ಬರುತ್ತೇನೆಂದು ಮಾತ್ರ ಹೇಳಲಿಲ್ಲ. ಕೇಳುವ ಹಕ್ಕು ತನಗೆಲ್ಲಿದೆ ಎಂದು ಅವಳೂ ಸುಮ್ಮನಾದಳು.

ಪ್ರದರ್ಶನದ ದಿನ ತುಂಬಿದ ಗೋದಾಮಿನಲ್ಲಿ ಸಮತಾ ತನ್ನ ತಪ್ಪನ್ನು ಒಂದಕ್ಷರವೂ ಬಿಡದೆ ಹೇಳಿದಳು. ತಲೆ ಎತ್ತಿದಾಗ ಜನರ ಹಿಂದೆ ಕನಕರಾಜ ಕುರಿಯೊಂದನ್ನು ಎದೆಗವಚಿ ನಿಂತಿದ್ದ.

ಕುರಿಯನ್ನು ಮಲಗಿಸಿ, ಕಿವಿಯಲ್ಲಿ ಏನೋ ಗುನುಗಿ, ಕತ್ತರಿ ಆಡಿಸಿದ. ಕಪ್ಪು ಉಣ್ಣೆ ಹಾಸಿನಂತೆ ಕಳಚಿ ಬಿತ್ತು. ಒಂದು ಗೀರೂ ಇಲ್ಲದೆ ಕುರಿ ಎದ್ದು ಮೈ ಕೊಡವಿತು. ಮೊದಲು ಚಪ್ಪಾಳೆ ತಟ್ಟಿದವಳು ನೀಲಗಂಗಮ್ಮ.

ಜನ ಕರಗಿದ ಮೇಲೆ ಅವನು ಮೆಲ್ಲಗೆ ಹೇಳಿದ. "ಇನ್ನ ಐತ್ವಾರ ನೀವು ಬರೂದಿಲ್ಲಂತ ಅವ್ವಗ ಚಿಂತಿ ಹತ್ತೈತಿ."

"ಅವ್ವಗ ಅಷ್ಟೇ ಏನ್ರಿ?"

ಅವನು ಕುರಿಯ ಬೆನ್ನು ಸವರಿದ. "ನನಗೂ ಐತ್ರಿ. ಯಾವಾಗ್ಲೂ ನಮ್ಮನ್ಯಾಗ ಇರ್ತೀರೇನು?"

ಸಮತಾಳ ಕಣ್ಣು ತುಂಬಿತು. "ಇರ್ತೀನಿ. ಆದ್ರ ನಿಮ್ಮ ಮುಖ ನೋಡಿದಾಗೆಲ್ಲಾ ನನಗಿನ್ನೂ ನಾಚಿಕಿ ಆಗ್ತೈತಿ."

"ಆಗ್ಲಿ ಬಿಡ್ರಿ. ನಾಚಿಕಿ ಇದ್ದೋರ ಕೂಡ ಬಾಳೇವು ಚೆಂದ ಅಂತಾಳ ಅವ್ವ."