ಕೈಗಡಿಯಾರ ಬಿಚ್ಚುವ ಇನ್ಸ್‌ಪೆಕ್ಟರ್

"ನೀವು ಕಳ್ಳಿ!"

ಬಾಗಿಲು ತೆರೆದ ಕೂಡಲೇ ಇಂಥ ಮಾತು ಕೇಳಿದರೆ ಯಾರಿಗಾದರೂ ಮೈ ಉರಿಯುತ್ತದೆ. ಹೇಳಿದವನ ಕಣ್ಣುಗಳು ಅಷ್ಟು ಚೆನ್ನಾಗಿದ್ದರೆ ಇನ್ನೂ ಹೆಚ್ಚು ಉರಿಯುತ್ತದೆ!

"ಯಾರ್ರೀ ನೀವು?"

"ಪಕ್ಕದ ಚಾನೆಲ್‌ನ ಪೊಲೀಸ್ ಧಾರಾವಾಹಿ ಬರೆಯೋನು." ಅವನು ಒಂದು ಹಾಳೆ ಬಿಡಿಸಿದ. "ನನ್ನ ಇನ್ಸ್‌ಪೆಕ್ಟರಿಗೂ ನೀವು ಧಾರಾವಾಹೀಲಿ ಬರೆಯೋ ಇನ್ಸ್‌ಪೆಕ್ಟರಿಗೂ ಹದಿನಾಲ್ಕು ಹೋಲಿಕೆ! ಇಬ್ಬರೂ ಸುಳ್ಳು ಸಾಕ್ಷಿ ಹುಟ್ಟಿಸಿ ನಿಜವಾದ ಕೊಲೆಗಾರನ್ನ ಹಿಡೀತಾರೆ..."

"ಒಳ್ಳೆಯವನೋ ಕೆಟ್ಟವನೋ ಗೊತ್ತಾಗದ ಪೊಲೀಸು ಯಾವ ಚಾನೆಲ್‌ನಲ್ಲಿ ಇಲ್ಲ ಹೇಳಿ?"

"ಸರಿ. ಇಬ್ಬರೂ ಬೆಕ್ಕಿಗೆ ಹೆದರ್ತಾರಲ್ಲ, ಅದು?"

ಅವಳು ಅವನ ಕೈಯಿಂದ ಹಾಳೆ ಕಿತ್ತುಕೊಂಡು ನೋಡಿದಳು.

"ಇಬ್ಬರೂ ಸುಳ್ಳು ಹೇಳೋ ಮುಂಚೆ ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕ್ಕೊಳ್ತಾರೆ. ಅದೂ ಎಲ್ಲಾ ಚಾನೆಲ್‌ನಲ್ಲಿ ಇದೆಯಾ? ನಾನು ದೂರು ಕೊಟ್ಟಾಗಿದೆ. ಹನ್ನೊಂದಕ್ಕೆ ಇಬ್ಬರೂ ನಿರ್ಮಾಪಕರು ಕೂರ್ತಾರೆ. ಕದ್ದವರ ಕೆಲಸ ಹೋಗುತ್ತೆ."

ಪರದೆಯ ಮೇಲೆ ಅವಳ ಹೆಸರು ಮೊಟ್ಟಮೊದಲು ಮೂಡಿದ್ದೇ ಈ ಧಾರಾವಾಹಿಯಲ್ಲಿ...

"ನಿಮ್ಮ ಧಾರಾವಾಹೀನ ನಾನು ನೋಡೇ ಇಲ್ಲ! ನಮ್ಮಜ್ಜಿ ಆಣೆಗೂ!"

"ನನ್ನ ಮೇಲೆ ಯಾಕೆ ಆಣೆ ಹಾಕ್ತೀಯೆ, ಪುಟ್ಟೀ?" ಒಳಗಿನಿಂದ ಅಜ್ಜಿ ಬಂದರು.

"ಅಜ್ಜೀ, ನೀನೇ ಹೇಳು! ಬೆಕ್ಕು, ಗಡಿಯಾರ ಎಲ್ಲ ನೀನೇ ಕಟ್ಟಿ ಹೇಳಿದ ಕಥೆ ತಾನೇ?"

ಚಿಕ್ಕಂದಿನಿಂದಲೂ ಅಷ್ಟೇ. ಬೆಳಿಗ್ಗೆ ಅಜ್ಜಿ ತಲೆ ಬಾಚುತ್ತಾ ಕಥೆ ಹೇಳಬೇಕು, ಅವಳು 'ಹೂಂ' ಅನ್ನಬೇಕು. ಆಗ ರಾಜಕುಮಾರ ಬರುತ್ತಿದ್ದ. ಈಗ ಇನ್ಸ್‌ಪೆಕ್ಟರ್ ಬರುತ್ತಾನೆ, ಅವಳು ಅದನ್ನೇ ಧಾರಾವಾಹಿಗೆ ಬರೆಯುತ್ತಾಳೆ.

"ನಾನ್ಯಾಕೆ ಕಟ್ಟಲಿ? ಟೀವೀಲಿ ನೋಡಿದ್ದನ್ನೇ ಹೇಳಿದ್ದು. ಜಾಹೀರಾತು ಬಂದಾಗೆಲ್ಲ ನಿನ್ನ ಇನ್ಸ್‌ಪೆಕ್ಟರು ಪಕ್ಕದ ಚಾನೆಲ್ಲಿಗೆ ಹೋಗ್ತಾನಲ್ಲೇ!"

ಅವಳು ಅಜ್ಜಿಯ ಎರಡೂ ಭುಜ ಹಿಡಿದುಕೊಂಡಳು.

"ಅಜ್ಜೀ... ಅವನು ಬೇರೆ ಇನ್ಸ್‌ಪೆಕ್ಟರು!"

"ಹೌದಾ? ಅದೇ ಮೀಸೆ, ಅದೇ ಜೀಪು. ನಾನು ಒಬ್ಬನೇ ಅಂದ್ಕೊಂಡಿದ್ದೆ."

ಜಗಳಕ್ಕೆಂದು ಬಂದವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಾ ನಗುತ್ತಾ ಅವಳತ್ತ ನೋಡಿದ. ಅವಳ ಕಣ್ಣು ತುಂಬಿತ್ತು. ಅವನ ನಗು ಅಲ್ಲೇ ನಿಂತಿತು.

ಹನ್ನೊಂದು ಗಂಟೆ. ಮೇಜಿನ ಆಚೆ ಇಬ್ಬರು ನಿರ್ಮಾಪಕರು, ಈಚೆ ಇವರಿಬ್ಬರು.

"ಯಾರು ಕದ್ದಿದ್ದು?"

ಅವಳು ಬಾಯಿ ತೆರೆಯುವಷ್ಟರಲ್ಲಿ ಅವನು ಎದ್ದು ನಿಂತ. ಸಾವಕಾಶವಾಗಿ ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡ.

"ನಾನೇ ಸರ್. ಸಿಕ್ಕಿಬೀಳ್ತೀನಿ ಅಂತ ಮೊದಲೇ ದೂರು ಕೊಟ್ಟೆ."

ನಿರ್ಮಾಪಕರಿಬ್ಬರೂ ತಮ್ಮ ಧಾರಾವಾಹಿಗಳನ್ನು ಎಂದೂ ನೋಡಿದವರಲ್ಲ. ಅವರಿಗೆ ಏನೂ ಹೊಳೆಯಲಿಲ್ಲ. ಅವಳಿಗೆ ಮಾತ್ರ ಹೊಳೆಯಿತು. 'ಅಯ್ಯೋ ಹುಚ್ಚಪ್ಪಾ... ನನಗೋಸ್ಕರ ಸುಳ್ಳಾ?'

ಸುಮ್ಮನಿದ್ದರೆ ಕೆಲಸ ಉಳಿಯುತ್ತಿತ್ತು.

"ಸುಳ್ಳು ಸರ್! ಗಡಿಯಾರ ಬಿಚ್ಚಿದ್ದಾರೆ ನೋಡಿ! ಕದ್ದಿದ್ದು ನಾನು... ಅಂದ್ರೆ, ನಮ್ಮಜ್ಜಿಯ ರಿಮೋಟು!"

ಅವಳು ಎಲ್ಲವನ್ನೂ ಹೇಳಿಬಿಟ್ಟಳು. ಅವಳ ನಿರ್ಮಾಪಕರು ತಲೆ ಮೇಲೆ ಕೈ ಹೊತ್ತರು. ಇನ್ನೊಬ್ಬರು ಕಾಫಿ ಕುಡಿಯಲು ಹೋಗಿ ಕೆಮ್ಮಿದರು. ಕೊನೆಗೆ ಅವಳ ನಿರ್ಮಾಪಕರೇ ತೀರ್ಪು ಕೊಟ್ಟರು.

"ಬೆಕ್ಕು, ಗಡಿಯಾರ ಬಂದ ಸಂಚಿಕೆಗಳಿಗೆಲ್ಲ ಇವರ ಹೆಸರೇ ಬರಲಿ, ನಿಂದು ತೆಗೀತೀವಿ. ಮುಂದಿನದನ್ನ ನೀನೇ ಬರಿಯಮ್ಮ. ಆದ್ರೆ ಅಜ್ಜಿ ಹತ್ರ ಕಥೆ ಕೇಳೋ ಹಾಗಿಲ್ಲ!"

ಮೆಟ್ಟಿಲ ಬಳಿ ಅವಳು ಅವನನ್ನು ತಡೆದಳು. "ಯಾಕ್ರೀ ಹಾಗೆ ಮಾಡಿದ್ರಿ?"

ಅವನು ಜೇಬಿನಿಂದ ಗಡಿಯಾರ ತೆಗೆದು ಕೈಗೆ ಕಟ್ಟಿಕೊಂಡ. ಪಟ್ಟಿಯನ್ನು ಎರಡು ಸಲ ಎಳೆದು ನೋಡಿದ.

"ನೀವು ನಂಗೆ ಇಷ್ಟ ಆಗಿದ್ದೀರಿ."

ಅವಳು ಅವನ ಮುಖ ನೋಡಲಿಲ್ಲ, ಮಣಿಕಟ್ಟು ನೋಡಿದಳು. ಗಡಿಯಾರ ಇತ್ತು! ಟಿಕ್ ಟಿಕ್ ಎನ್ನುತ್ತಿದ್ದುದು ಅದೋ, ತನ್ನ ಎದೆಯೋ...

"ನನ್ನ ಹತ್ರ ಗಡಿಯಾರಾನೇ ಇಲ್ವಲ್ಲ. ನಾನು ಹೇಳೋದನ್ನ ನೀವು ಹೇಗೆ ನಂಬ್ತೀರಿ?"

ಅವನು ತನ್ನದನ್ನೇ ಬಿಚ್ಚಿ ಅವಳ ಕೈಗೆ ಕಟ್ಟಿದ. "ಈಗ ಹೇಳಿ."

"ನಂಗೂ... ನೀವಂದ್ರೆ ಇಷ್ಟ."

"ಆಯ್ತಲ್ಲ, ಗಡಿಯಾರ ಕೊಡಿ. ಅದಿಲ್ದೆ ನಾನು ಏನು ಹೇಳಿದ್ರೂ ಸುಳ್ಳಾಗುತ್ತೆ."

ಅವಳು ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

"ಕೊಡಲ್ಲ. ದಿನಾ ಮನೆಗೆ ಬನ್ನಿ, ಕಟ್ಕೊಂಡು ಹೇಳಿ, ಬಿಚ್ಚಿಟ್ಟು ಹೋಗಿ!"